ಮಲ್ಲತ್ತಹಳ್ಳಿಯ ಭಜನೆ ಮನೆಗೆ ತಡವಾಗಿ ಹೋದದ್ದು

ಅಕ್ಟೋಬರಿನ ಒಂದು ಶನಿವಾರ ಬೆಳಿಗ್ಗೆ ಮೈಸೂರಿನಲ್ಲಿ ರೈಲು ಹತ್ತಿದೆ. ಕಿಟಕಿ ಪಕ್ಕದ ಸೀಟೇ ಸಿಕ್ಕಿತ್ತು, ಆದರೂ ಕೂರಲಾಗಲಿಲ್ಲ. ಮಂಡ್ಯ ಬರುವಷ್ಟರಲ್ಲಿ ಎರಡು ಸಲ ಬಾಗಿಲವರೆಗೆ ಹೋಗಿ ಬಂದಿದ್ದೆ. ಚೀಲದಿಂದ ಫೈಲು ತೆಗೆಯುವುದು, ಒಳಗಿಡುವುದು, ಮತ್ತೆ ತೆಗೆಯುವುದು. ಎದುರಿಗೆ ಕೂತಿದ್ದ ಹೆಂಗಸು ನನಗೆ ಹುಷಾರಿಲ್ಲವೆಂದುಕೊಂಡು ನೀರಿನ ಬಾಟಲಿ ಮುಂದೆ ಹಿಡಿದರು.

ಲೋಕೋಪಯೋಗಿ ಇಲಾಖೆಯಿಂದ ನಿವೃತ್ತಳಾದ ಮೇಲೆ ನಾನು ಒಂದು ಟ್ರಸ್ಟಿನ ಪರವಾಗಿ ಹಳೆಯ ಕಟ್ಟಡಗಳನ್ನು ನೋಡಿ ಬರುವ ಕೆಲಸ ಮಾಡುತ್ತಿದ್ದೆ. ತಾವಿರುವ ಹಳೆಯ ಕಟ್ಟಡವನ್ನು ಉಳಿಸಿಕೊಳ್ಳಲು ಹೆಣಗುವ ಸಣ್ಣ ಕಲಾ ಸಂಘಗಳಿಗೆ ಆ ಟ್ರಸ್ಟು ದುರಸ್ತಿಗೆಂದು ಅನುದಾನ ಕೊಡುತ್ತದೆ. ಅರ್ಜಿ ಮೊದಲು ನನ್ನ ಮೇಜಿಗೆ ಬರುತ್ತಿತ್ತು. ಕಾಗದಪತ್ರ ಸರಿಯಿದ್ದರೆ ಹೋಗಿ ನೋಡಿ ವರದಿ ಬರೆಯಬೇಕು.

ಮಲ್ಲತ್ತಹಳ್ಳಿಯ ಅರ್ಜಿ ಬಂದದ್ದು ಮಾರ್ಚಿನಲ್ಲಿ. ಅದು ಮೂಡಲಪಾಯದ ಬಯಲಾಟ ಆಡುವ ಸಂಘ; ಅವರು ತಾಲೀಮು ಮಾಡುವ ಮಣ್ಣುಗೋಡೆಯ ಭಜನೆ ಮನೆಗೆ ದುರಸ್ತಿ ಬೇಕಿತ್ತು. ಜಾಗದ ವಾರಸುದಾರರ ಒಪ್ಪಿಗೆ ಪತ್ರವೊಂದು ಮಾತ್ರ ಇರಲಿಲ್ಲ. ಅದನ್ನು ಕೇಳಿ ಬರೆಯುವುದು ಹತ್ತು ನಿಮಿಷದ ಕೆಲಸ. ಆ ವಾರವೇ ಮಗಳ ಬಾಣಂತನಕ್ಕೆಂದು ಹಾಸನಕ್ಕೆ ಹೋದೆ. ಬಂದ ಮೇಲೆ ಫೈಲು ಬೇರೆ ಫೈಲುಗಳ ಅಡಿಯಲ್ಲಿತ್ತು. ಕೊನೆಗೆ ನಾನು ಬರೆದದ್ದು ಆಗಸ್ಟಿನಲ್ಲಿ. ಅವರು ನಾಲ್ಕೇ ದಿನದಲ್ಲಿ ಪತ್ರ ಕಳಿಸಿದರು. ಯಾಕೆ ತಡವಾಯಿತೆಂದು ಟ್ರಸ್ಟಿನವರು ಕೇಳಲಿಲ್ಲ. ನಾನೂ ಹೇಳಲಿಲ್ಲ.

ಕೆಂಗೇರಿಯಲ್ಲಿ ಇಳಿದಾಗ ಮೋಡ ಕವಿದಿತ್ತು. ಸ್ಟೇಷನ್ ಹೊರಗಿನ ದರ್ಶಿನಿಯಲ್ಲಿ ಒಂದು ಇಡ್ಲಿ ತಿಂದು, ಇನ್ನೊಂದನ್ನು ತಟ್ಟೆಯಲ್ಲೇ ಬಿಟ್ಟು ಮೆಟ್ರೋ ಕಡೆ ನಡೆದೆ. ಜ್ಞಾನಭಾರತಿಗೆ ಇಪ್ಪತ್ತು ರೂಪಾಯಿ. ಅಲ್ಲಿಂದ ಆಟೋದವನು ನೂರೈವತ್ತು ಕೇಳಿ ನೂರಿಪ್ಪತ್ತಕ್ಕೆ ಒಪ್ಪಿದ. ವಿಶ್ವವಿದ್ಯಾಲಯದ ಮರಗಳ ನಡುವಿನ ರಸ್ತೆ ಮುಗಿಯುತ್ತಿದ್ದಂತೆ ನಾಗರಬಾವಿಯ ಪಿಜಿಗಳ ಬೋರ್ಡುಗಳು ಶುರುವಾದವು. ಕೆರೆ ಏರಿಯ ಹತ್ತಿರ ಟ್ರಾಫಿಕ್ ನಿಂತೇಬಿಟ್ಟಿತು. ಐದು ನಿಮಿಷ ಕಾದೆ, ಆಮೇಲೆ ತಾಳಲಾಗದೆ ದುಡ್ಡು ಕೊಟ್ಟು ಇಳಿದು ನಡೆದೆ. ಇನ್ನೊಂದು ಕಿಲೋಮೀಟರ್ ಇದೆ ಮೇಡಂ, ಮಳೆ ಬರುತ್ತೆ ಎಂದು ಅವನು ಹಿಂದಿನಿಂದ ಹೇಳುತ್ತಲೇ ಇದ್ದ.

ಹಳೆಯ ಊರು ಈಗ ನಾಲ್ಕೈದು ಗಲ್ಲಿಗಳಷ್ಟೇ ಉಳಿದಿದೆ. ಮೂರು ನಾಲ್ಕು ಮಹಡಿಯ ಬಾಡಿಗೆ ಮನೆಗಳ ನಡುವೆ ಭಜನೆ ಮನೆ ತಗ್ಗಿನಲ್ಲಿತ್ತು: ನಾಡಹೆಂಚಿನ ಸೂರು, ಮುಂದೆ ಜಗಲಿ, ಆರು ಮರದ ಕಂಬ. ಬಾಗಿಲಲ್ಲಿ ಸಂಘದ ಕಾರ್ಯದರ್ಶಿ ಭಾಗ್ಯ ಕಾಯುತ್ತಿದ್ದರು. ನಲವತ್ತೈದರ ಆಸುಪಾಸಿನವರು, ಗಾರ್ಮೆಂಟ್ಸ್‌ನಲ್ಲಿ ಸೂಪರ್‌ವೈಸರ್. ಅಂದು ರಜೆ ಹಾಕಿದ್ದರಂತೆ. ಒಳಗೆ ಅವರ ಮಾವ ಗಂಗಹನುಮಯ್ಯನವರು ಚಾಪೆಯ ಮೇಲೆ ಕೂತಿದ್ದರು. ಆ ಸಂಘದ ಭಾಗವತರು ಅವರೇ, ಅಂದರೆ ಆಟದ ಪದಗಳನ್ನೆಲ್ಲ ಹಾಡಿ ನಡೆಸುವವರು.

ಪಶ್ಚಿಮದ ಗೋಡೆಗೆ ಹೊಸದಾಗಿ ಸುಣ್ಣ ಬಳಿದಿತ್ತು. ಉಳಿದ ಮೂರು ಗೋಡೆಗಳಿಗಿಂತ ಅದು ಬೆಳ್ಳಗಿತ್ತು, ತೀರಾ ಮಟ್ಟವಾಗಿತ್ತು. ನಾನು ಬೆರಳ ಗೆಣ್ಣಿನಿಂದ ತಟ್ಟಿದೆ. ಒಳಗೆ ಪೊಳ್ಳಾದ ಹಾಗೆ ಸದ್ದು ಬಂತು. ಉಗುರಿನಿಂದ ಸುಣ್ಣ ಕೆರೆದೆ. ಕೆಳಗೆ ಬೂದು ಬಣ್ಣದ ಸಿಮೆಂಟು.

ಅರ್ಜಿ ಹಾಕಿದ ಮೇಲೆ ಸಿಮೆಂಟು ಮೆತ್ತಿದ್ದರೆ ಅನುದಾನವಿಲ್ಲ ಎಂಬುದು ಟ್ರಸ್ಟಿನ ನಿಯಮ. ಮಣ್ಣಿನ ಗೋಡೆಗೆ ಸಿಮೆಂಟು ಬಳಿದರೆ ಒಳಗಿನ ತೇವ ಹೊರಗೆ ಬರದೆ ಗೋಡೆ ಒಳಗಿಂದಲೇ ಮೆತ್ತಗಾಗುತ್ತದೆ. ಅದು ಭಾಗ್ಯ ಅವರಿಗೂ ಗೊತ್ತಿತ್ತು, ಅರ್ಜಿಯಲ್ಲಿ ಅವರೇ ಬರೆದಿದ್ದರು. ಅವರು ಏನನ್ನೂ ಮುಚ್ಚಿಡಲಿಲ್ಲ. ಜುಲೈನಲ್ಲಿ ಪಕ್ಕದ ಕಟ್ಟಡದ ನೀರೆಲ್ಲ ಈ ಗೋಡೆಗೇ ಬಂದು ಒಂದು ಮೂಲೆ ಕುಸಿಯಿತಂತೆ. ಟ್ರಸ್ಟಿಗೆ ಫೋನ್ ಮಾಡಿದರೆ ಫೈಲು ಪರಿಶೀಲನೆಯಲ್ಲಿದೆ ಎಂದರಂತೆ. ಮತ್ತೆ ಮಳೆ ಶುರುವಾದಾಗ ಸಿಕ್ಕ ಮೇಸ್ತ್ರಿಯನ್ನು ಕರೆದು ಎರಡೇ ದಿನದಲ್ಲಿ ಸಿಮೆಂಟು ಹಾಕಿಸಿದ್ದರು.

ಗಂಗಹನುಮಯ್ಯನವರು ಗೋಡೆಯ ಕಡೆ ತಿರುಗಿ ಒಂದು ಪದದ ಮೊದಲ ಸಾಲನ್ನು ಎತ್ತಿ ನಿಲ್ಲಿಸಿದರು. ಮೊದಲು ಸ್ವರವನ್ನು ಗೋಡೆ ಕುಡಿಯುತ್ತಿತ್ತು, ಈಗ ತಿರುಗಿಸಿ ಮುಖಕ್ಕೆ ಎಸೆಯುತ್ತದೆ ಎಂದರು. ಸೊಸೆಯ ಮೇಲೆ ಅವರಿಗೆ ಕೋಪವಿದ್ದಂತೆ ಕಾಣಲಿಲ್ಲ.

ಭಾಗ್ಯ ನನ್ನ ಎದುರು ನಿಂತರು.

"ಗೋಡೆ ಬೀಳೋದನ್ನ ನೋಡ್ತಾ ಕೂತ್ಕೋಬೇಕಿತ್ತಾ ಮೇಡಂ? ಒಂದು ಲೆಟರ್ ಬೇಕು ಅಂತ ಹೇಳೋಕೆ ನಿಮ್ಮೋರಿಗೆ ಐದು ತಿಂಗಳು ಯಾಕೆ ಬೇಕಾಯ್ತು?"

ಕಮಿಟಿ, ಕೆಲಸದ ಒತ್ತಡ, ಹೀಗೆ ಹೇಳಲು ಏನೇನೋ ಇತ್ತು. ಬೆಳಿಗ್ಗೆಯಿಂದ ರೈಲಿನಲ್ಲಿ ಅದನ್ನೆಲ್ಲ ಜೋಡಿಸಿಕೊಂಡೇ ಬಂದಿದ್ದೆ. ಬಾಯಿಗೆ ಬಂದದ್ದು ಮಾತ್ರ ಬೇರೆ.

"ಅವರಲ್ಲ. ನಾನೇ. ಫೈಲು ನನ್ನ ಮೇಜಿನ ಮೇಲೇ ಇತ್ತು. ಮರೆತುಬಿಟ್ಟಿದ್ದೆ."

ಅವರು ಹೊರಗೆ ಜಗಲಿಗೆ ಹೋಗಿ ನಿಂತರು. ನಾನು ಫೈಲು ಹಿಡಿದು ಒಳಗೇ ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ ನಡೆಯುತ್ತಿದ್ದೆ. ಕೂತ್ಕೊಳ್ಳಮ್ಮ ಎಂದು ಗಂಗಹನುಮಯ್ಯನವರು ಎರಡು ಸಲ ಹೇಳಿದರು. ಭಾಗ್ಯ ವಾಪಸ್ ಬಂದವರು ಗೋಡೆ ನೋಡುತ್ತಲೇ ಕೇಳಿದರು.

"ಸಿಮೆಂಟ್ ಹಾಕಿದೀವಿ ಅಂತ ಬರೀತೀರಾ?"

"ಬರೀಲೇಬೇಕು."

"ಹಾಗಾದ್ರೆ ನೀವು ಮರೆತಿದ್ದನ್ನೂ ಬರೀರಿ."

ಬರೆಯುತ್ತೇನೆ ಎಂದೆ. ಆದರೆ ಹಾಗೇ ಹೊರಟು ಬರಲು ನನ್ನ ಕೈಕಾಲು ಒಪ್ಪಲಿಲ್ಲ. ಸುತ್ತಿಗೆ, ಚಾಣ ಇದೆಯೇ ಎಂದು ಕೇಳಿದೆ. ನೆಲದಿಂದ ಒಂದು ಅಡಿ ಎತ್ತರದವರೆಗೆ ಸಿಮೆಂಟು ಕಿತ್ತರೆ ಗೋಡೆ ಅಷ್ಟಾದರೂ ಉಸಿರಾಡುತ್ತದೆ ಎಂದು ವಿವರಿಸಿದೆ. ಭಾಗ್ಯ ಸೀರೆ ಸೊಂಟಕ್ಕೆ ಸಿಕ್ಕಿಸಿ ಪಕ್ಕದಲ್ಲಿ ಕೂತರು. ಒಂದು ಗಂಟೆಯಲ್ಲಿ ಎರಡು ಮಾರಿನಷ್ಟು ಕಿತ್ತೆವು. ಒಳಗಿನ ಮಣ್ಣು ಬೆರಳಿಗೆ ಹಿಟ್ಟಿನ ಹಾಗೆ ಅಂಟುತ್ತಿತ್ತು. ನಾಲ್ಕು ದಿನ ಬಿಸಿಲು ಬಿದ್ದರೆ ಉಳಿಯುತ್ತದೆ, ಆದರೆ ಪಕ್ಕದ ಮನೆಯ ನೀರಿನ ಪೈಪನ್ನು ಮೊದಲು ತಿರುಗಿಸಬೇಕು ಎಂದೆ. ಅದನ್ನು ಅವರು ಆಗಲೇ ತಿರುಗಿಸಿದ್ದರು.

ಎರಡು ಗಂಟೆಗೆ ಮುದ್ದೆ, ಹುರುಳಿಕಾಳಿನ ಬಸ್ಸಾರು ಬಡಿಸಿದರು. ಉಪಚಾರದ ಮಾತು ಇರಲಿಲ್ಲ. ಆದರೆ ಎರಡನೇ ಮುದ್ದೆಯನ್ನು ಕೇಳದೆ ಹಾಕಿದರು. ಅದನ್ನೂ ತಿಂದು ಮುಗಿಸಿದೆ.

ಹೊರಡುವಾಗ ಮಳೆ ಹನಿಯುತ್ತಿತ್ತು. ಗಲ್ಲಿಯ ತಿರುವಿನಲ್ಲಿ ಹಿಂತಿರುಗಿ ನೋಡಿದೆ. ಭಾಗ್ಯ ಕಿತ್ತ ಸಿಮೆಂಟಿನ ಚೂರುಗಳನ್ನು ಬಾಂಡಲಿಯಲ್ಲಿ ತುಂಬಿ ಹೊರಗೆ ಹಾಕುತ್ತಿದ್ದರು. ನನ್ನ ಕಡೆ ನೋಡಲಿಲ್ಲ.

ವರದಿಯನ್ನು ರೈಲಿನಲ್ಲೇ ಬರೆದೆ. ಗೋಡೆಯ ಸಂಗತಿಗೆ ಅರ್ಧ ಪುಟ, ನನ್ನ ಸಂಗತಿಗೆ ಮೂರು ಸಾಲು. ಆ ಮೂರು ಸಾಲನ್ನು ಬರೆದು ಮುಗಿಸುವಷ್ಟರಲ್ಲಿ ಶ್ರೀರಂಗಪಟ್ಟಣ ದಾಟಿತ್ತು.

ನವೆಂಬರ್ ಕೊನೆಗೆ ತೀರ್ಮಾನ ಬಂತು. ತಡವಾದದ್ದು ಟ್ರಸ್ಟಿನ ಕಡೆಯಿಂದಲೇ ಎಂದು ನಿಯಮ ಸಡಿಲಿಸಿ, ಉಳಿದ ಸಿಮೆಂಟನ್ನೂ ಕಿತ್ತು ಸುಣ್ಣದ ಗಾರೆ ಹಾಕುವ ಷರತ್ತಿನ ಮೇಲೆ ಗೋಡೆಯ ಕೆಲಸಕ್ಕೆ ಅನುದಾನ ಕೊಟ್ಟಿದ್ದರು. ಸೂರಿಗೆ ಈ ವರ್ಷ ಇಲ್ಲ. ಅರ್ಜಿಗಳನ್ನು ಇನ್ನು ಬೇರೆಯವರು ನೋಡುತ್ತಾರೆ ಎಂದು ನನಗೂ ಎರಡು ಸಾಲಿನ ಇಮೇಲ್ ಬಂತು.

ಅದೇ ಸಂಜೆ ಭಾಗ್ಯ ಫೋನ್ ಮಾಡಿದರು. ಸೋಮವಾರದಿಂದ ಕೆಲಸ ಶುರು, ಗಾರೆ ಹದ ಮಾಡಲು ಬಲ್ಲವರು ಯಾರಿದ್ದಾರೆ ಎಂದು ಕೇಳಿದರು. ಕನಕಪುರದ ಕಡೆಯ ಒಬ್ಬ ಹಳೆಯ ಮೇಸ್ತ್ರಿಯ ನಂಬರ್ ಕೊಟ್ಟೆ. ನೀವೇ ನೋಡಕ್ಕೆ ಬರ್ತೀರಲ್ಲ ಎಂದರು. ಇಲ್ಲ, ಆ ಕೆಲಸದಿಂದ ನನ್ನನ್ನು ತೆಗೆದಿದ್ದಾರೆ ಎಂದೆ.

"ಅವತ್ತು ನಾನು ಬರೀರಿ ಅನ್ನದೇ ಇದ್ದಿದ್ರೆ, ಬರೀತಿದ್ರಾ ಮೇಡಂ?"

ಗೊತ್ತಿಲ್ಲ ಭಾಗ್ಯ, ಎಂದೆ.