ಮಿಲಿಮೀಟರ್ ಮಾವನ ಕೆಂಪು ಪೆನ್ಸಿಲ್

ಶುಕ್ರವಾರ, ಬೆಳಗಿನ ಐದೂಮುಕ್ಕಾಲು. ಶೂಟಿಂಗ್ ರೇಂಜಿನ ತುದಿಯ ಕೋಣೆಯಲ್ಲಿ ಸಿಮೆಂಟಿನ ಕಟ್ಟೆಗೆ ಬಿಗಿದ ಕಬ್ಬಿಣದ ವೈಸ್ ಒಂದಿದೆ. ಅದರ ದವಡೆಯಲ್ಲಿ ಉದ್ದ ನಳಿಗೆಯ ಪಿಸ್ತೂಲೊಂದು ಅಲುಗಾಡದೆ ಕೂತಿದೆ. ಅರವತ್ತೊಂದು ದಾಟಿದ ಮನುಷ್ಯರೊಬ್ಬರು ಮಗುವಿನ ಜ್ವರ ನೋಡುವವರ ಹಾಗೆ ನಳಿಗೆಯ ಮೇಲೆ ಬೆರಳಿಟ್ಟು ನೋಡುತ್ತಾರೆ. ತಣ್ಣಗಿದೆ. ಕಿವಿಗೆ ಮುಚ್ಚಳ ಏರಿಸಿ, ಒಂದು ಗುಂಡು ತುಂಬಿ, ಟ್ರಿಗರ್ ಒತ್ತುತ್ತಾರೆ. ಐವತ್ತು ಮೀಟರ್ ಆಚೆಯ ಕಾಗದದಲ್ಲಿ ಒಂದು ತೂತು ಬೀಳುತ್ತದೆ.

ಹೀಗೆ ಹತ್ತು ಗುಂಡು. ಆಮೇಲೆ ಚಪ್ಪಲಿ ಮೆಟ್ಟಿಕೊಂಡು ಅಷ್ಟೂ ದೂರ ನಡೆದು, ಕಾಗದ ಬಿಚ್ಚಿ ತಂದು, ಕಿಟಕಿಯ ಬೆಳಕಿಗೆ ಹಿಡಿದು ವರ್ನಿಯರ್‌ನಿಂದ ಅಳೆಯುತ್ತಾರೆ. ಅತ್ತ ಕಡೆಯ ತೂತಿನಿಂದ ಇತ್ತ ಕಡೆಯ ತೂತಿಗೆ ಹತ್ತೊಂಬತ್ತು ಮಿಲಿಮೀಟರ್. "ಇದು ಮನೆಗೆ ಸೇರಿಸಿಕೊಳ್ಳೋ ಅಂಥದ್ದು" ಎನ್ನುತ್ತಾರೆ. ಮುಂದಿನ ಡಬ್ಬಿಯದು ಮೂವತ್ತಾರು. "ಇದು ಕಾಲು ನಿಲ್ಲದ ಪೈಕಿ. ಎಲ್ಲಿಗೆ ಹೋಗುತ್ತೆ ಅಂತ ಅದಕ್ಕೇ ಗೊತ್ತಿಲ್ಲ."

ರೇಂಜಿಗೆ ಬರುವವರೆಲ್ಲ ಇವರನ್ನು ಮಿಲಿಮೀಟರ್ ಮಾವ ಎನ್ನುತ್ತಾರೆ. ಯಾವ ಪಿಸ್ತೂಲಿಗೆ ಯಾವ ಗುಂಡು ಒಗ್ಗುತ್ತದೆ ಎಂದು ಪರೀಕ್ಷಿಸಿ ಹೇಳುವುದು ಇವರ ಕೆಲಸ. ಒಂದೇ ಕಂಪನಿ, ಒಂದೇ ಹೆಸರು, ಒಂದೇ ಬಣ್ಣದ ಡಬ್ಬಿ. ಆದರೆ ಬೇರೆ ಬೇರೆ ದಿನ ತಯಾರಾದ ಗುಂಡುಗಳ ನಡತೆ ಬೇರೆ ಬೇರೆ. ಅದಕ್ಕೇ ಪ್ರತಿ ಡಬ್ಬಿಯ ಮೇಲೂ ಲಾಟ್ ನಂಬರ್ ಇರುತ್ತದೆ. "ಒಂದೇ ತಾಯಿ ಹೊಟ್ಟೆಯಲ್ಲಿ ಹುಟ್ಟಿದೋರು ಒಂದೇ ಥರ ಇರ್ತಾರಾ? ಇದೂ ಹಾಗೇ. ಅದೂ ಅಲ್ಲದೆ, ಒಬ್ಬರ ಪಿಸ್ತೂಲಿಗೆ ಹಿಡಿಸಿದ್ದು ಪಕ್ಕದವರದಕ್ಕೆ ಹಿಡಿಸಲ್ಲ. ಜೋಡಿ ಕೂಡಿಸೋ ಕೆಲಸ ನಂದು" ಎಂದು ನಗುತ್ತಾರೆ.

ಒಂದು ಲಾಟಿಗೆ ನಲವತ್ತು ಗುಂಡು, ಒಂದು ಬೆಳಗಿಗೆ ಎಂಟು ಲಾಟು. ಕಾಗದ ತರಲು ಮೂವತ್ತೆರಡು ಸಲ ಹೋಗಿ ಬರಬೇಕು, ಅಂದರೆ ಮೂರು ಕಿಲೋಮೀಟರಿಗೂ ಮಿಗಿಲು. ವಾರಕ್ಕೆ ಮೂರು ದಿನದಂತೆ ಹದಿನೆಂಟು ವರ್ಷಗಳಿಂದ ಇದೇ ನಡೆದಿದೆ. ಎಂಟು ಲಕ್ಷ ಗುಂಡು ದಾಟಿರಬೇಕು ಎಂದು ಅವರ ಅಂದಾಜು. ಅಷ್ಟರಲ್ಲಿ ಒಂದನ್ನೂ ಅವರು ಕೈಯಲ್ಲಿ ಹಿಡಿದು ಹಾರಿಸಿಲ್ಲ. ಎಲ್ಲವೂ ವೈಸಿನಿಂದಲೇ. "ನನ್ನ ಕೈ ಹಿಡಿದರೆ ತಪ್ಪು ಗುಂಡಿಂದೋ ಕೈಯದೋ ಅಂತ ಹೇಗೆ ಗೊತ್ತಾಗ್ಬೇಕು? ವೈಸಿಗೆ ಹೆದರಿಕೆ ಇಲ್ಲ, ಆಸೆ ಇಲ್ಲ. ಅದಕ್ಕೇ ಅದು ಸುಳ್ಳು ಹೇಳಲ್ಲ."

ಮೊದಲು ಅವರು ಲೇತ್ ಮೆಷಿನ್ನಿನ ಕೆಲಸಗಾರ. ಎಡಗಿವಿಯನ್ನು ಆ ವರ್ಕ್‌ಶಾಪಿನ ಸದ್ದೇ ನುಂಗಿತು. ಅದು ಬಾಗಿಲು ಹಾಕಿದಾಗ ಗುರಿಕಾಗದ ಅಂಟಿಸುವ ಕೆಲಸಕ್ಕೆಂದು ಇಲ್ಲಿಗೆ ಬಂದರು. ನಾಲ್ಕು ವರ್ಷ ಗೋಂದು ಹಚ್ಚಿದ ಮೇಲೆ, ಮೂಲೆಯಲ್ಲಿ ತುಕ್ಕು ಹಿಡಿದು ಬಿದ್ದಿದ್ದ ವೈಸನ್ನು ತಾವೇ ಉಜ್ಜಿ ನಿಲ್ಲಿಸಿದರು. ರೇಂಜಿನ ಬಾಗಿಲ ಗೋಡೆಯಲ್ಲಿ ಪದಕ ಗೆದ್ದ ಹದಿನಾಲ್ಕು ಮಂದಿಯ ಫೋಟೋ ಇದೆ. ಹದಿನಾಲ್ಕೂ ಜನರ ಗುಂಡು ಆರಿಸಿಕೊಟ್ಟ ಮಾವನ ಫೋಟೋ ಇಲ್ಲ. ಅವರ ಹೆಂಡತಿಗೆ ಅದರ ಬಗ್ಗೆ ಬೇಸರವೂ ಇಲ್ಲ. "ಸದ್ಯ, ಫೋಟೋ ಹಾಕಿಲ್ಲ! ಹಾಕಿದ್ರೆ ಅದು ಓರೆ ಇದೆ ಅಂತ ಇವರು ದಿನಾ ಅಳೆದು ನೋಡ್ತಿದ್ರು" ಎನ್ನುತ್ತಾರೆ ಆಕೆ.

ಇವತ್ತು ವೈಸಿನಲ್ಲಿ ಕೂತಿರುವ ಪಿಸ್ತೂಲು ಬಸ್ ಕಂಡಕ್ಟರ್ ಒಬ್ಬಾಕೆಯದು. ಅಲ್ಲ, ಕ್ಲಬ್ಬಿನದು, ಆಕೆಗೆ ಬಳಸಲು ಕೊಟ್ಟದ್ದು. ಭಾನುವಾರ ತಂಡದ ಆಯ್ಕೆ ಪಂದ್ಯವಿದೆ. ಒಂದೇ ಕೈಯಲ್ಲಿ ಹಿಡಿದು, ಐವತ್ತು ಮೀಟರ್ ದೂರಕ್ಕೆ ಅರವತ್ತು ಗುಂಡು. ಹೋದ ವರ್ಷ ಆಕೆಗೆ ಮೂರು ಅಂಕದಿಂದ ಆಯ್ಕೆ ತಪ್ಪಿತು, ಅದರ ಹಿಂದಿನ ವರ್ಷ ಎರಡರಿಂದ. ಕೈಗೆ ಬಂದ ತುತ್ತು ಎರಡು ಸಲವೂ ಬಾಯಿಗೆ ಬರಲಿಲ್ಲ. ಮೊನ್ನೆ ಬಂದು ಪಿಸ್ತೂಲು ಮಾವನ ಮುಂದಿಟ್ಟು ಹೇಳಿದ್ದಳು: "ಮಾವ, ಈ ಸಲ ಆಗ್ಲಿಲ್ಲ ಅಂದ್ರೆ ಇದನ್ನ ಕ್ಲಬ್ಬಿಗೆ ವಾಪಸ್ ಕೊಟ್ಬಿಡ್ತೀನಿ. ತಪ್ಪು ಗುಂಡಿಂದಾ, ನನ್ನ ಕೈಯದಾ, ಅದೊಂದು ಹೇಳಿ ಸಾಕು."

ಗುಂಡಿನದು ಎಂದುಬಿಟ್ಟರೆ ಆಕೆಗೆ ಸಮಾಧಾನ. ಆದರೆ ಮಾವನ ಜಾಯಮಾನದಲ್ಲಿ ಅದಿಲ್ಲ. ಆಕೆ ಪಂದ್ಯಕ್ಕೆ ಬಳಸುವ ಲಾಟಿನ ನಲವತ್ತು ಗುಂಡುಗಳನ್ನು ಈಗಷ್ಟೇ ಹಾರಿಸಿ ನೋಡಿದ್ದಾರೆ: ಹದಿನೇಳು, ಹದಿನೆಂಟು, ಹದಿನೇಳು, ಹತ್ತೊಂಬತ್ತು. ಬಂಗಾರದಂಥ ಗುಂಡು. ಹಾಗಾದರೆ ಕೈಯದೇ ತಪ್ಪು ಎನ್ನಬೇಕು. ಕೋಚ್ ಹೇಳುವುದೂ ಅದನ್ನೇ: "ಮೊದಲ ಹತ್ತು ಗುಂಡಿಗೆ ಪುಕ್ಕಲು. ಆಮೇಲೆ ಸಿಂಹಿಣಿ."

ಏಳು ಗಂಟೆಗೆ ಕಂಡಕ್ಟರಮ್ಮ ಖಾಕಿ ಬಟ್ಟೆಯಲ್ಲೇ ಬರುತ್ತಾಳೆ; ಡ್ಯೂಟಿ ಮಧ್ಯಾಹ್ನಕ್ಕೆ. ಮಾವ ಹಳೆಯ ಎರಡು ಪಂದ್ಯಗಳ ಗುರಿಕಾಗದ ಕೇಳುತ್ತಾರೆ. ಆಕೆ ಟಿಕೆಟ್ ಚೀಲದಿಂದ ತೆಗೆದು, ಮಡಿಕೆ ಬಿಚ್ಚಿ ಕೊಡುತ್ತಾಳೆ. ಸೋತ ಕಾಗದಗಳನ್ನು ಯಾರಾದರೂ ಎರಡು ವರ್ಷ ಹೊತ್ತುಕೊಂಡು ತಿರುಗುತ್ತಾರೆಯೇ? ಈಕೆ ತಿರುಗಿದ್ದಾಳೆ.

ಮಾವ ಅವನ್ನು ಕಟ್ಟೆಯ ಮೇಲೆ ಸಾಲಾಗಿ ಹರಡುತ್ತಾರೆ. ಎರಡೂ ವರ್ಷ ಮೊದಲ ಹತ್ತು ಗುಂಡು ಹಾಳಾಗಿವೆ, ಉಳಿದ ಐವತ್ತು ಚೆನ್ನಾಗಿವೆ. ಕೋಚ್ ಹೇಳಿದ ಹಾಗೇ. ಆದರೆ ಮಾವ ಆ ಮೊದಲ ಕಾಗದಗಳನ್ನೇ ದಿಟ್ಟಿಸುತ್ತ ತುಂಬ ಹೊತ್ತು ನಿಲ್ಲುತ್ತಾರೆ. ಹತ್ತರಲ್ಲಿ ಎಂಟು ತೂತು ಕೆಳಗೆ, ಎಡಕ್ಕೆ. ಎರಡು ವರ್ಷವೂ ಅದೇ ಜಾಗ.

"ಇದು ಹೆದರಿಕೆ ಅಲ್ಲ ಕಣಮ್ಮ" ಎನ್ನುತ್ತಾರೆ. "ಹೆದರಿದ ಕೈ ಗುಂಡನ್ನ ಚೆಲ್ಲಾಡುತ್ತೆ. ಹೀಗೆ ಒಂದೇ ಕಡೆ ಪೇರಿಸಿಡಲ್ಲ. ನೀನು ಪಂದ್ಯದ ದಿನ ಏನೇನು ಮಾಡ್ತೀಯೋ ಒಂದೂ ಬಿಡದೆ ಈಗ ಮಾಡಿ ತೋರಿಸು."

ಪಂದ್ಯಕ್ಕೆ ಮುಂಚೆ ಗುರಿ ಹೊಂದಿಸಿಕೊಳ್ಳಲು ಕಾಲು ಗಂಟೆ ಕೊಡುತ್ತಾರೆ. ಆ ಗುಂಡುಗಳಿಗೆ ಅಂಕವಿಲ್ಲ. ಕಂಡಕ್ಟರಮ್ಮ ನಿಂತು, ಕೈ ಚಾಚಿ, ದಿನದ ಅಭ್ಯಾಸದ ಸಾಧಾರಣ ಡಬ್ಬಿಯಿಂದ ಹದಿನೈದು ಗುಂಡು ಹಾರಿಸಿ ಗುರಿ ಕೂಡಿಸುತ್ತಾಳೆ. ಪಿಸ್ತೂಲಿನ ಗುರಿಕಣ್ಣಿನ ತಿರುಪು ಬಿಗಿದು ತಲೆಯಾಡಿಸುತ್ತಾಳೆ. ಆಮೇಲೆ ಆ ಡಬ್ಬಿ ಪಕ್ಕಕ್ಕೆ ಸರಿಸಿ, ಚೀಲದ ತಳದಿಂದ ಇನ್ನೊಂದು ಡಬ್ಬಿಯನ್ನು ಎರಡೂ ಕೈಯಲ್ಲಿ ತೆಗೆಯುತ್ತಾಳೆ. ಬಂಗಾರದಂಥ ಗುಂಡಿನ ಡಬ್ಬಿ. ಅದರ ಮೇಲೆ ಕೆಂಪು ಪೆನ್ಸಿಲಿನಲ್ಲಿ ದಪ್ಪಗೆ ಬರೆದಿದೆ: ಪಂದ್ಯಕ್ಕೆ ಮಾತ್ರ.

ಅಕ್ಷರ ಮಾವನದೇ.

ಎರಡು ವರ್ಷದ ಹಿಂದೆ ಆ ಲಾಟಿನ ಕೆಲವೇ ಡಬ್ಬಿ ಉಳಿದಿದ್ದವು. ಪೋಲಾಗದಿರಲಿ ಎಂದು ಅವರೇ ಬರೆದಿದ್ದರು. ಆಕೆ ಅಕ್ಷರಕ್ಕೆ ಅಕ್ಷರ ಪಾಲಿಸಿದ್ದಾಳೆ. ಅಂಕವಿಲ್ಲದ ಗುಂಡಿಗೆ ಒಳ್ಳೆಯದನ್ನು ಏಕೆ ಸುಡುವುದು ಎಂದು ಸಾಧಾರಣ ಗುಂಡಿನಲ್ಲಿ ಗುರಿ ಹೊಂದಿಸಿ, ಅಂಕದ ಮೊದಲ ಗುಂಡಿಗೆ ಒಳ್ಳೆಯದನ್ನು ತುಂಬಿದ್ದಾಳೆ. ಎರಡೂ ಒಂದೇ ಜಾಗಕ್ಕೆ ಬೀಳುವುದಿಲ್ಲ. ನಳಿಗೆಗೂ ಹೊಸ ಗುಂಡು ಒಗ್ಗಲು ಹತ್ತಾರು ಗುಂಡು ಬೇಕು. ಎರಡನೇ ಕಾಗದಕ್ಕೆ ಆಕೆ ತಿರುಪು ತಿರುಗಿಸಿ ಸರಿಪಡಿಸಿಕೊಂಡಾಗ, ಧೈರ್ಯ ಬಂತು ಎಂದುಕೊಂಡವರೇ ಎಲ್ಲರೂ.

ಮಾವ ವೈಸಿನಲ್ಲಿ ಎರಡೂ ಬಗೆಯ ಗುಂಡನ್ನು ಒಂದರ ಹಿಂದೊಂದು ಹಾರಿಸಿ ಅಳೆಯುತ್ತಾರೆ. ಎರಡರ ನಡುವಿನ ಅಂತರ ಮೂವತ್ತೆಂಟು ಮಿಲಿಮೀಟರ್; ಒಳ್ಳೆಯದು ಬಿದ್ದದ್ದು ಕೆಳಗೆ, ಎಡಕ್ಕೆ. ವರ್ನಿಯರ್ ಕೆಳಗಿಟ್ಟು ಸ್ಟೂಲಿನ ಮೇಲೆ ಕೂರುತ್ತಾರೆ.

"ಗುಂಡಿಂದಲ್ಲ, ನಿನ್ನ ಕೈಯದೂ ಅಲ್ಲ. ತಪ್ಪು ನನ್ನ ಪೆನ್ಸಿಲಿಂದು. ಎರಡು ವರ್ಷ ಹಾಳು ಮಾಡ್ದೆ ನಿಂದು."

ಕಂಡಕ್ಟರಮ್ಮನಿಗೆ ಸಿಟ್ಟು ಬಂದಿದ್ದು ನಿಜ ಎಂದು ಆಕೆಯೇ ಆಮೇಲೆ ಒಪ್ಪಿಕೊಂಡಳು. ಆದರೂ "ನಾನಾದ್ರೂ ಒಂದ್ಮಾತು ಕೇಳ್ಬೇಕಿತ್ತು ಮಾವ. ನಮ್ಮಮ್ಮ ಒಳ್ಳೆ ತಟ್ಟೆಗಳನ್ನೆಲ್ಲ ನೆಂಟರಿಗೆ ಅಂತ ಎತ್ತಿಟ್ಟು, ಒಂದಿನವೂ ಅದರಲ್ಲಿ ಉಣ್ಲಿಲ್ಲ. ಅವಳ ಮಗಳಲ್ವಾ ನಾನು" ಎನ್ನುತ್ತಾಳೆ. ಮಾವ ಡಬ್ಬಿಯ ಮೇಲಿನ ಬರಹ ಹೊಡೆದುಹಾಕಿ ಕೆಳಗೆ ಬರೆಯುತ್ತಾರೆ: ಮೊದಲ ಗುಂಡಿನಿಂದ ಕೊನೆಯ ಗುಂಡಿನವರೆಗೆ ಇದೇ. ಶನಿವಾರ ಇಡೀ ದಿನ ರೇಂಜಿನ ಇಪ್ಪತ್ತಮೂರು ಜನರ ಡಬ್ಬಿಗಳನ್ನು ತರಿಸಿಕೊಂಡು ಅದನ್ನೇ ಬರೆಯುತ್ತಾರೆ. ಯಾರೂ ಹೇಳದೆಯೇ ಹಚ್ಚಿಕೊಂಡ ಕೆಲಸ.

ಭಾನುವಾರ ಅವರು ಪಂದ್ಯ ನೋಡಲು ಹೋಗುವುದಿಲ್ಲ. ಮನೆಯಲ್ಲಿ ಕೂತು, ಸರಿಯಾಗಿಯೇ ಇದ್ದ ಬಾಗಿಲ ಚಿಲಕ ಬಿಚ್ಚಿ ಮತ್ತೆ ಜೋಡಿಸಿದರೆಂದು ಹೆಂಡತಿ ದೂರುತ್ತಾರೆ.

ಸೋಮವಾರ ಬೆಳಗ್ಗೆ ಆರಕ್ಕೇ ಕಂಡಕ್ಟರಮ್ಮ ಬಾಗಿಲಲ್ಲಿದ್ದಾಳೆ, ಹಿಂದೆ ಕೋಚ್ ಇದ್ದಾರೆ. ಮಾವ ಒಟ್ಟು ಅಂಕ ಕೇಳುವುದಿಲ್ಲ. "ಮೊದಲ ಕಾಗದ ಕೊಡು" ಎನ್ನುತ್ತಾರೆ. ಹಿಂದೆ ಎಂಬತ್ತನಾಲ್ಕು ಇದ್ದದ್ದು ಈಗ ತೊಂಬತ್ತೊಂದು. ತೂತುಗಳು ನಡುವಿನ ವೃತ್ತದ ಸುತ್ತ ಮನೆಗೆ ಬಂದವರ ಹಾಗೆ ಕೂತಿವೆ. ಆಯ್ಕೆಯ ಗೆರೆಗಿಂತ ನಾಲ್ಕು ಅಂಕ ಮೇಲೆ ಎಂದು ಕೋಚ್ ಹೇಳುವಾಗ ಮಾವ ಕನ್ನಡಕ ಒರೆಸಿಕೊಳ್ಳುತ್ತಿದ್ದಾರೆ. ಅಳು ಬಂದಿದೆ, ಮುಚ್ಚಿಡುವ ಶಕ್ತಿ ಇಲ್ಲ.

ಕಂಡಕ್ಟರಮ್ಮ ಡಬ್ಬಿಯಲ್ಲಿ ಉಳಿದ ಐದು ಗುಂಡುಗಳನ್ನು ಅವರ ಅಂಗೈಗೆ ಸುರಿಯುತ್ತಾಳೆ. "ಇವು ನಿಮ್ಮವು ಮಾವ. ವೈಸಿಗಲ್ಲ, ನಿಮ್ಮ ಕೈಗೆ." ಮಾವ ಐದನ್ನೂ ಜೋಪಾನವಾಗಿ ಮೇಜಿನ ಡ್ರಾಯರಿನೊಳಗೆ ಇಡುತ್ತಾರೆ. ಆಕೆ ಗಟ್ಟಿಯಾಗಿ ನಗುತ್ತಾಳೆ. "ಮತ್ತೆ ಎತ್ತಿಡ್ತಾ ಇದ್ದೀರಲ್ಲ!"

ಸಿಕ್ಕಿಬಿದ್ದ ಮಾವ ಡ್ರಾಯರ್ ಎಳೆಯುತ್ತಾರೆ. ಕೋಚ್ ತಲೆಯಾಡಿಸಿ ಜಾಗ ಬಿಡುತ್ತಾರೆ, ಪಕ್ಕದಲ್ಲೇ ನಿಂತು ಹೇಗೆ ಹಿಡಿಯಬೇಕೆಂದು ತೋರಿಸುತ್ತಾರೆ. ಎಂಟು ಲಕ್ಷ ಗುಂಡುಗಳ ನಂತರ ಮೊದಲ ಬಾರಿಗೆ ಮಾವ ಪಿಸ್ತೂಲನ್ನು ಕೈಯಲ್ಲಿ ಹಿಡಿದು ಚಾಚುತ್ತಾರೆ. ಐದು ಸದ್ದು. ನಂತರ ಚಪ್ಪಲಿ ಮೆಟ್ಟಿ, ಎಂದಿನ ನಡಿಗೆಯಲ್ಲೇ ಹೋಗಿ ಕಾಗದ ತರುತ್ತಾರೆ. ಎರಡೇ ತೂತು ಇವೆ. ಒಂದು ಮೇಲಿನ ಮೂಲೆಯಲ್ಲಿ, ಇನ್ನೊಂದು ಕೆಳಗಿನ ಮೂಲೆಯಲ್ಲಿ. ವರ್ನಿಯರಿನ ಬಾಯಿ ಅಷ್ಟು ಅಗಲ ತೆರೆಯುವುದೇ ಇಲ್ಲ.

ಮಾವ ಕಾಗದವನ್ನು ಕಿಟಕಿಗೆ ಹಿಡಿದು ನೋಡಿ, ಕಿವಿಯ ಹಿಂದಿನಿಂದ ಕೆಂಪು ಪೆನ್ಸಿಲ್ ತೆಗೆಯುತ್ತಾರೆ.

"ಗುಂಡಿನಲ್ಲಿ ಏನೂ ತಪ್ಪಿಲ್ಲ" ಎನ್ನುತ್ತಾರೆ. "ಬೇಕಾದ್ರೆ ಬರೆದು ಕೊಡ್ತೀನಿ."