ನರ್ಸಬಾಯಿ ಹೇಳಿದ ಅನುಪಾನ

ಹಾಲಿನ ಪುಡಿಯನ್ನು ಬಿಸಿನೀರಿಗೆ ಹಾಕಿ ಕದಡಿದಾಗ ಒಂದು ವಾಸನೆ ಏಳುತ್ತದೆ. ಪೂರ್ತಿ ಹಾಲಿನದಲ್ಲ, ಸ್ವಲ್ಪ ಸಿಹಿ, ಸ್ವಲ್ಪ ತಗಡಿನ ಡಬ್ಬಿಯದು. ಸಿದ್ದಾಪುರದಲ್ಲಿ ನಾನೀಗ ಇರುವ ಮಗಳ ಮನೆಯ ಹಿತ್ತಿಲಿಗೆ ತಾಗಿಯೇ ಶಾಲೆ ಇದೆ. ಬೆಳಿಗ್ಗೆ ಅಲ್ಲಿ ಅಡಿಗೆಯವರು ಮಕ್ಕಳಿಗಾಗಿ ಹಾಲು ಕದಡುವ ಹೊತ್ತಿಗೆ ಮಗಳು ಕಿಟಕಿ ಮುಚ್ಚಲು ಬರುತ್ತಾಳೆ, ನಾನು ಬಿಡುವುದಿಲ್ಲ. ಆ ವಾಸನೆ ಬಂತೆಂದರೆ ನನಗೆ ನರ್ಸಬಾಯಿಯೇ ಬಂದಳು ಅನಿಸುತ್ತದೆ.

ನಮ್ಮ ಜಿಲ್ಲೆ ಮುಂಬಯಿ ಬಿಟ್ಟು ಮೈಸೂರಿಗೆ ಸೇರಿ ಒಂದೆರಡು ವರ್ಷ ಆಗಿದ್ದಿರಬೇಕು. ಸರಕಾರ ಬದಲಾದರೂ ನಮ್ಮ ಬಾಯಲ್ಲಿ ಆಸ್ಪತ್ರೆ ಇನ್ನೂ ದವಾಖಾನೆಯೇ, ನರ್ಸಮ್ಮ ನರ್ಸಬಾಯಿಯೇ. ನಾನು ಮದುವೆಯಾಗಿ ಬಂದದ್ದು ತ್ಯಾಗಲಿ ಹತ್ತಿರದ ಒಂದು ಮನೆಗೆ. ಆ ಕಡೆಯ ಬಸುರಿ ಬಾಣಂತಿಯರನ್ನು ನೋಡಿಕೊಳ್ಳಲು ಸರಕಾರ ಅವಳನ್ನು ಕಳಿಸಿತ್ತು. ಕುಮಟೆ ಕಡೆಯ ಕೊಂಕಣಿ ಮಾತಿನ ಕ್ರಿಸ್ತುವರ ಹೆಂಗಸು, ನನಗಿಂತ ಎಷ್ಟೋ ದೊಡ್ಡವಳು. ಬಿಳಿ ಸೀರೆಯ ನೆರಿಗೆ ಸೊಂಟಕ್ಕೆ ಸಿಕ್ಕಿಸಿಕೊಂಡು, ಕೈಯಲ್ಲೊಂದು ಅಲ್ಯುಮಿನಿಯಂ ಪೆಟ್ಟಿಗೆ ಹಿಡಿದು ನಡೆದು ಬರುತ್ತಿದ್ದಳು. ಪೆಟ್ಟಿಗೆ ಪರದೇಶದ್ದು, ಒಳಗಿನ ಕತ್ತರಿ ಪರದೇಶದ್ದು, ಹಿಂದೆ ಹೊರೆಯಾಳಿನ ತಲೆಯ ಮೇಲಿದ್ದ ಹಾಲಿನ ಪುಡಿಯೂ ಪರದೇಶದ್ದು. ನರ್ಸಬಾಯಿಯೊಬ್ಬಳೇ ನಮ್ಮ ಜಿಲ್ಲೆಯವಳು ಎಂದು ನನ್ನ ಯಜಮಾನರು ನಗುತ್ತಿದ್ದರು.

ಬಡ ದೇಶಗಳ ತಾಯಿ-ಮಕ್ಕಳಿಗೆಂದು ಯಾವುದೋ ಸಿರಿವಂತ ದೇಶದವರು ಹಡಗಿನಲ್ಲಿ ಕಳಿಸಿದ ಪುಡಿಯಂತೆ ಅದು. ಕೊಟ್ಟಿಗೆ ತುಂಬ ಆಕಳಿದ್ದ ನಮ್ಮ ಮನೆಗೂ ಬಂತು, ಹಾಲಿನ ಮುಖವನ್ನೇ ಕಾಣದ ಕೂಲಿಯವರ ಕೇರಿಗೂ ಬಂತು. ಎರಡೂ ಕಡೆ ಯಾರೂ ಅದನ್ನು ಹಾಲು ಎಂದು ನಂಬಲಿಲ್ಲ. ಪುಡಿ ಎಂದಮೇಲೆ ಅದು ಚೂರ್ಣ, ದವಾಖಾನೆಯಿಂದ ಬಂತೆಂದಮೇಲೆ ಔಷಧ. ಒಂದು ಚಿಟಿಕೆಯನ್ನು ಜೇನುತುಪ್ಪದಲ್ಲಿ ಕಲಸಿ ನಾಲಿಗೆಗೆ ಹಚ್ಚಿ, ಉಳಿದದ್ದನ್ನು ಬಜೆ, ಶುಂಠಿಯ ಪಕ್ಕ ಭದ್ರವಾಗಿ ಎತ್ತಿಡುತ್ತಿದ್ದರು. ಹೆಂಗಸರು ಅವಳಿಗೆ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: ‘ಇದಕ್ಕೆ ಅನುಪಾನ ಎಂತದು?’ ನಮ್ಮ ಪಂಡಿತರು ಯಾವ ಮದ್ದು ಕೊಟ್ಟರೂ ಅದನ್ನು ಯಾವುದರ ಜೊತೆ ತೆಗೆದುಕೊಳ್ಳಬೇಕೆಂದು ಹೇಳುತ್ತಿದ್ದರಲ್ಲ, ಜೇನೋ ತುಪ್ಪವೋ ವೀಳ್ಯದೆಲೆಯ ರಸವೋ, ಅದೇ ಅನುಪಾನ. ಮೊದಮೊದಲು ಅವಳಿಗೆ ಆ ಶಬ್ದವೇ ತಿಳಿಯುತ್ತಿರಲಿಲ್ಲ. ‘ಎಂಥ ಅನುಪಾನ? ನೀರಿಗೆ ಹಾಕಿ ಹಾಲು ಮಾಡಿ ಕುಡೀರಿ ಮಾರಾಯ್ತಿ’ ಎಂದು ಹೇಳಿ ಹೇಳಿ ಅವಳ ಬಾಯಿ ಸೋತಿತ್ತು.

ನನಗೆ ತವರಿನಲ್ಲಿ ತಾಯಿ ಇರಲಿಲ್ಲ. ಹಾಗಾಗಿ ಬಾಣಂತನಗಳೆಲ್ಲ ಅತ್ತೆಯ ಕೈಯಲ್ಲೇ ಆದವು. ಅತ್ತೆ ಕೆಟ್ಟವರಲ್ಲ, ತುಪ್ಪ ಬಡಿಸಲು ಕೂತರೆ ಕೈಗೆ ಹಿಡಿತವಿರಲಿಲ್ಲ. ಆದರೆ ಬಾಣಂತಿಗೆ ನೀರು ಕೊಟ್ಟರೆ ಮೈಗೆ ಥಂಡಿ ಹೊಕ್ಕು ಸನ್ನಿಯಾಗುತ್ತದೆ ಎಂಬುದು ಅವರಿಗೆ ಅವರ ಅತ್ತೆ ಹೇಳಿಕೊಟ್ಟದ್ದು. ಊಟಕ್ಕೆ ಕೂತಾಗ ಒಂದು ಗುಟುಕು, ಮುಗಿಯಿತು. ಮೊದಲನೆಯ ಸಲ ನನಗೆ ಜ್ವರ ಬಂತು, ಎದೆಯ ಹಾಲು ಬತ್ತಿತು. ಆಕಳ ಹಾಲು ಹನಿಸಿದರೆ ಕೂಸಿಗೆ ಹಿಡಿಸಲಿಲ್ಲ. ಅತ್ತೂ ಅತ್ತೂ ಅದರ ದನಿ ಸಣ್ಣಗಾಗುತ್ತ... ಬೇಡ, ಅದನ್ನು ಇಂದಿಗೂ ನನ್ನಿಂದ ಪೂರ್ತಿ ಹೇಳಲಾಗುವುದಿಲ್ಲ.

ಎರಡನೆಯದು ಗಂಡು ಕೂಸು. ಹೆರಿಗೆ ಮಾಡಿಸಿದ್ದು ನರ್ಸಬಾಯಿಯೇ, ಸುಸೂತ್ರವಾಗಿ ಆಯಿತು. ಆದರೆ ಅವಳು ತಿರುಗಿ ಬರುವಷ್ಟರಲ್ಲಿ ಮೊದಲಿನ ಕಥೆಯೇ ಶುರುವಾಗಿತ್ತು. ನನ್ನ ಮೈ ಕಾದಿತ್ತು, ತುಟಿ ಬಿರಿದಿತ್ತು, ಕೂಸು ಎದೆ ಎಳೆದೆಳೆದು ಸೋಲುತ್ತಿತ್ತು. ಬಚ್ಚಲಲ್ಲಿ ತಲೆಗೆ ನೀರು ಹೊಯ್ಯುವಾಗ ಮುಖದ ಮೇಲೆ ಇಳಿದದ್ದನ್ನು ಕದ್ದು ನೆಕ್ಕಿಕೊಳ್ಳುತ್ತಿದ್ದೆ. ಈ ಕೂಸೂ ನನ್ನ ಕೈಯಲ್ಲಿ ಉಳಿಯುವುದಿಲ್ಲ ಎಂದು ನನಗೆ ಖಾತ್ರಿಯಾಗಿಬಿಟ್ಟಿತ್ತು.

ನರ್ಸಬಾಯಿ ನನ್ನ ನಾಲಿಗೆ ನೋಡಿದಳು, ಕೂಸಿನ ನೆತ್ತಿ ಮುಟ್ಟಿ ನೋಡಿದಳು. ಬಾಣಂತಿಗೆ ನೀರು ಕೊಡಿ ಎಂದು ಜಗಳವಾಡಿ ಒಂದೆರಡು ಮನೆಗಳಲ್ಲಿ ಅವಳು ಬೈಸಿಕೊಂಡಿದ್ದಳೆಂದು ಕೇಳಿದ್ದೆ. ಇಲ್ಲೂ ಜಗಳವಾಗುತ್ತದೆ, ಇವಳನ್ನು ಕಳಿಸಿಬಿಡುತ್ತಾರೆ ಎಂದು ಹೆದರಿ ಮಲಗಿದ್ದೆ. ಅವಳು ಪುಡಿಯ ಪೊಟ್ಟಣವೊಂದನ್ನು ಅತ್ತೆಯ ಮುಂದಿಟ್ಟಳು.

‘ಅನುಪಾನ ಎಂತದು?’ ಎಂದರು ಅತ್ತೆ, ಎಂದಿನಂತೆ.

ನರ್ಸಬಾಯಿ ನನ್ನ ಬಿರಿದ ತುಟಿಯನ್ನು ಮತ್ತೊಮ್ಮೆ ನೋಡಿದಳು. ಆಮೇಲೆ ಪಂಡಿತರ ಗತ್ತಿನಲ್ಲೇ ಹೇಳಿದಳು. ‘ಔಷಧ ಒಂದು ಚಮಚ. ಅನುಪಾನ ಕುದಿಸಿ ಆರಿಸಿದ ನೀರು, ಒಂದು ತಂಬಿಗೆ.’

‘ಬಾಣಂತಿಗೆ ಅಷ್ಟು ನೀರು ಕೊಡ್ಲಕ್ಕ?’

‘ನೀರಲ್ಲ ಅಮ್ಮಾ, ಅನುಪಾನ. ಕೂಸು ಎದೆ ಕುಡಿದಾಗೆಲ್ಲ ಕೊಡಬೇಕು. ಅದು ತಪ್ಪಿದರೆ ಔಷಧ ಎದೆಗೆ ಇಳಿಯುವುದಿಲ್ಲ.’

ಅತ್ತೆ ಅವಳ ಮುಖ ನೋಡಿದರು, ಹೊರಳಿ ನನ್ನ ಮುಖ ನೋಡಿದರು. ಬಾಣಂತಿಕೋಣೆಯಲ್ಲಿ ಒಲೆಯ ಕಟ್ಟಿಗೆ ಚಟಪಟ ಅನ್ನುತ್ತಿತ್ತು. ‘ಔಷಧಕ್ಕೆ ಮೈಲಿಗೆ ಇಲ್ಲೆ, ಥಂಡಿನೂ ಇಲ್ಲೆ’ ಎಂದು ತಮ್ಮಷ್ಟಕ್ಕೆ ಹೇಳಿಕೊಂಡು, ಪೊಟ್ಟಣ ಎತ್ತಿಕೊಂಡು ನೀರು ಕಾಯಿಸಲು ಹೋದರು.

ಆ ತಂಬಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ಕುಡಿದದ್ದು ನನಗೆ ಮರೆಯುವುದಿಲ್ಲ. ತಳದಲ್ಲಿ ಪುಡಿ ಗಂಟುಗಂಟಾಗಿ ಉಳಿದಿತ್ತು, ಬೆರಳು ಹಾಕಿ ಅದನ್ನೂ ತಿಂದೆ. ನರ್ಸಬಾಯಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಜ್ವರ ಇಳಿಯಿತು, ಎದೆ ತುಂಬಿತು, ನನ್ನ ಮಗ ಉಳಿದ.

ಅಂದಿನಿಂದ ಅವಳು ಈ ದಾರಿಯಲ್ಲಿ ಹೋದಾಗೆಲ್ಲ ಜಗಲಿಗೆ ಬಂದು ಕೂರುತ್ತಿದ್ದಳು. ಮಗನನ್ನು ಕಾಲ ಮೇಲೆ ಹಾಕಿಕೊಂಡು ಕೊಂಕಣಿಯಲ್ಲಿ ಏನೇನೋ ಮಾತಾಡುತ್ತಿದ್ದಳು. ಅವಳ ಕಾಲಿನ ಸದ್ದಿಗೆ ನಾನೂ ಕಾಯುತ್ತಿದ್ದೆ. ತಾಯಿ ಇದ್ದಿದ್ದರೆ ಹೀಗೆ ಬರುತ್ತಿದ್ದಳೇನೋ... ಆಮೇಲೆ ಅವಳಿಗೆ ಕರಾವಳಿಗೆ ವರ್ಗವಾಯಿತು. ಹೇಳಿ ಹೋಗಲು ಬಂದವಳು ಅತ್ತೆ ಒಳಗೆ ಹೋದದ್ದು ನೋಡಿ ದನಿ ತಗ್ಗಿಸಿದಳು. ‘ನಿಮ್ಮ ಅತ್ತೆಗೆ ಸುಳ್ಳು ಹೇಳಿದೆ ನಾನು. ಪಾದ್ರಿಯ ಹತ್ತಿರ ಒಪ್ಪಿಕೊಂಡು ಬಂದೆ, ಆದರೂ ಮನಸ್ಸಿನಿಂದ ಹೋಗುವುದಿಲ್ಲ. ಅಷ್ಟು ನಂಬುವ ಮುದುಕಿಗೆ ಮೋಸ ಮಾಡಿದ ಹಾಗಾಯಿತಲ್ಲ.’ ನಾನು ಅವಳ ಕೈ ಹಿಡಿದುಕೊಂಡೆ.

ಮುಂದೆ ಮಗಳು ಹುಟ್ಟುವ ಹೊತ್ತಿಗೆ ನರ್ಸಬಾಯಿ ಇರಲಿಲ್ಲ, ಪರದೇಶದ ಪುಡಿ ಬರುವುದೂ ನಿಂತಿತ್ತು. ಔಷಧವೇ ಇಲ್ಲದಮೇಲೆ ಅನುಪಾನ ಎಲ್ಲಿಯದು ಎಂದು ಬಸುರಿಯಾಗಿದ್ದಾಗಲೇ ನನಗೆ ಹೆದರಿಕೆ. ಹೆತ್ತ ದಿನ ಅತ್ತೆ ತಾವಾಗಿಯೇ ತಂಬಿಗೆ ತುಂಬ ನೀರು ತಂದು ನನ್ನ ಕೈಗಿಟ್ಟರು.

‘ಪುಡಿ ಇಲ್ಲೆ. ಅನುಪಾನನಾದ್ರೂ ಕುಡಿ.’

ನಾನು ಅವರ ಮುಖವನ್ನೇ ನೋಡಿದೆ. ಅವರು ನನ್ನ ಹಾಸಿಗೆಯ ಅಂಚು ಸರಿಮಾಡುತ್ತ ಹೇಳಿದರು. ‘ಅದು ನೀರು ಹೇಳಿ ಯಂಗೆ ಅವತ್ತೇ ಗೊತ್ತಿತ್ತು ತಂಗಿ. ಯನ್ನ ಬಾಣಂತನದಲ್ಲಿ ಹಾಂಗೆ ಹೇಳೋರು ಯಾರೂ ಇತ್ತಿದ್ವಿಲ್ಲೆ.’

ಅತ್ತೆ ಹೆತ್ತ ಮಕ್ಕಳಲ್ಲಿ ಉಳಿದದ್ದು ನನ್ನ ಯಜಮಾನರೊಬ್ಬರೇ.

ಈ ಮಾತನ್ನು ನರ್ಸಬಾಯಿಗೆ ಮುಟ್ಟಿಸಬೇಕೆಂದು ಬಹಳ ಒದ್ದಾಡಿದೆ. ಹೊಸ ನರ್ಸಿಗೆ ಕೇಳಿದೆ, ಕುಮಟೆಗೆ ಹೋಗಿ ಬರುವವರಿಗೆಲ್ಲ ಹೇಳಿದೆ. ಆ ಊರಲ್ಲಿದ್ದಾಳೆ ಎಂದರು, ಅಲ್ಲಿಂದಲೂ ಹೋದಳು ಎಂದರು... ಈಗ ಅತ್ತೆ ಇಲ್ಲ, ನನ್ನ ವಯಸ್ಸಿನ ಲೆಕ್ಕ ನೋಡಿದರೆ ಅವಳೂ ಇರಲಾರಳು. ನೀನು ಯಾರಿಗೂ ಮೋಸ ಮಾಡಲಿಲ್ಲ ಮಾರಾಯ್ತಿ, ಅತ್ತೆಗೆ ಗೊತ್ತಿತ್ತು ಎನ್ನುವುದೊಂದು ಅವಳ ಕಿವಿಗೆ ಬೀಳದೆ ಹೋಯಿತು.