ಪೋಷಕ ನಟನ ಕನ್ನಡ

ಸ್ವೀಡನ್ನಿನ ಉಮೆಯೊ ವಿಶ್ವವಿದ್ಯಾಲಯಕ್ಕೆ ನಾನು ಬಂದದ್ದು ಸಿನಿಮಾ ಇತಿಹಾಸದಲ್ಲಿ ಪಿಎಚ್‌ಡಿ ಮಾಡಲು. ಗಂಡನಿಗೆ ಇಲ್ಲಿನ ಆಸ್ಪತ್ರೆಯ ಲ್ಯಾಬಿನಲ್ಲಿ ಮೊದಲೇ ಕೆಲಸವಿತ್ತು. ಬ್ರಿಟಿಷ್ ಸಿನಿಮಾದ ಮೊದಲ ದಶಕಗಳಲ್ಲಿ ಸಣ್ಣ ಪುಟ್ಟ ಪಾತ್ರ ಮಾಡಿಕೊಂಡು ಬದುಕಿದ ನಟರು ನನ್ನ ವಿಷಯ. ಅವರಲ್ಲಿ ಒಬ್ಬನನ್ನು ಮಾತ್ರ ಬಿಗಿಯಾಗಿ ಹಿಡಿದುಕೊಂಡಿದ್ದೆ.

“ಹೆಸರೇ ಹಾಕದೋನ ಮೇಲೆ ಇಷ್ಟು ವರ್ಷ ಓದೋದಾ? ಹೀರೋ ಯಾರೂ ಸಿಗ್ಲಿಲ್ವೇನೇ?” ಎಂದು ಬೆಂಗಳೂರಿನಿಂದ ಅಮ್ಮ ಫೋನಿನಲ್ಲಿ ಕೇಳಿದ್ದಳು.

ಸಿನಿಮಾದ ಟೈಟಲ್ಲಿನಲ್ಲಿ ಅವನ ಹೆಸರು ಹಾಕುತ್ತಿರಲಿಲ್ಲ, ನಿಜ. ಆತ ಲಂಡನ್ನಿನ ನಾಟಕ ಕಂಪನಿಗಳಲ್ಲಿ ಹಾಡಿ ಕುಣಿದು, ಮೂಕಿಚಿತ್ರಗಳು ಶುರುವಾದಾಗ ಅತ್ತ ಹೊರಳಿದವನು. ಮೊದಮೊದಲು ಕೆರೆಗೆ ಬೀಳುವ ಪೊಲೀಸ್ ಪೇದೆ. ಆಮೇಲೆ ಹೆಂಡದಂಗಡಿಯವನು, ಪಾದ್ರಿ, ರೈಲ್ವೆ ಗಾರ್ಡ್, ನ್ಯಾಯಾಲಯದಲ್ಲಿ ತೂಕಡಿಸುವ ಗುಮಾಸ್ತ. ಟಾಕಿ ಬಂದಾಗ ಎಷ್ಟೋ ನಟರು ಮನೆಗೆ ಹೋದರು. ನಾಟಕದಲ್ಲಿ ಪಳಗಿದ ಗಂಟಲು ಇವನನ್ನು ಉಳಿಸಿತು. ಬಾಗಿಲು ತೆರೆದು, “ಗಾಡಿ ಬಂದಿದೆ, ಸ್ವಾಮಿ” ಎನ್ನುವ ಬಟ್ಲರ್ ಪಾತ್ರಗಳಂತೂ ಲೆಕ್ಕವಿಲ್ಲದಷ್ಟು. ನನಗೆ ಸಿಕ್ಕಿದ ಕೊನೆಯ ಚಿತ್ರದಲ್ಲಿ ಅವನಿಗೆ ಮಾತೇ ಇಲ್ಲ. ನಾಯಕ ನಾಯಕಿ ಜಗಳವಾಡುತ್ತಿರುವಾಗ ಹಿಂದಿನ ಬೆಂಚಿನ ಮೇಲೆ ಕುಳಿತು ಪಾರಿವಾಳಗಳಿಗೆ ಬ್ರೆಡ್ ಚೂರು ಹಾಕುತ್ತಾನೆ. ಆದರೂ ಆ ದೃಶ್ಯದಲ್ಲಿ ಕಣ್ಣು ಹೋಗುವುದು ಅವನ ಕಡೆಗೇ. ದಿನವೂ ನೋಡಿ ನೋಡಿ ಎಷ್ಟು ಸಲಿಗೆ ಬೆಳೆದಿತ್ತೆಂದರೆ ಅವನಿಗೆ ಬಹುವಚನ ಬಳಸಲು ಈಗಲೂ ನಾಲಿಗೆ ಹೊರಳುವುದಿಲ್ಲ.

ಅವನ ಮೊಮ್ಮಗಳು ಉಮೆಯೊದಲ್ಲೇ ಇದ್ದಾರೆಂದು ತಿಳಿದಾಗ ನಂಬಲಾಗಲಿಲ್ಲ. ಸ್ವೀಡಿಷ್ ಎಂಜಿನಿಯರೊಬ್ಬರನ್ನು ಮದುವೆಯಾಗಿ ಬಂದು, ಶಾಲೆಯಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾದವರು. ಗಂಡ ತೀರಿಕೊಂಡಿದ್ದರು. ವಯಸ್ಸು ಎಂಬತ್ತು ದಾಟಿತ್ತು. ನನ್ನ ಒಂದು ಉಪನ್ಯಾಸದ ಕೊನೆಯಲ್ಲಿ ಕೋಲೂರಿಕೊಂಡು ಬಂದು, “ನೀನು ತೋರಿಸಿದ ಪೇದೆ ನನ್ನ ಅಜ್ಜ” ಎಂದರು. ಆಮೇಲೆ ಶನಿವಾರಗಳಂದು ಅವರ ಫ್ಲ್ಯಾಟಿನಲ್ಲಿ ಫೀಕಾ, ಕಾಫಿಯ ಜೊತೆ ಏಲಕ್ಕಿ ಬನ್ನು, ರೂಢಿಯಾಯಿತು. ಅಜ್ಜ ಅಂಟುಮೀಸೆಗಳನ್ನು ತಗಡಿನ ಡಬ್ಬಿಯಲ್ಲಿಟ್ಟು, ಮೊಮ್ಮಕ್ಕಳಿಗೆ ಒಂದೊಂದು ಮೀಸೆ ಅಂಟಿಸಿ ಊಟಕ್ಕೆ ಕೂರಿಸುತ್ತಿದ್ದನಂತೆ. ಚಿಕ್ಕ ವಯಸ್ಸಿನಲ್ಲಿ ಬ್ರಿಟಿಷ್ ಸೈನ್ಯದ ಸಿಪಾಯಿಯಾಗಿ ಇಂಡಿಯಾದಲ್ಲಿದ್ದನಂತೆ.

“ಎಲ್ಲಿ?” ಎಂದು ಕೇಳಿದ್ದೆ.

“ದಕ್ಷಿಣದಲ್ಲೆಲ್ಲೋ. ಹವೆ ಚೆನ್ನಾಗಿತ್ತು ಅಂತಿದ್ದರು, ಅಷ್ಟೇ. ಜಾಸ್ತಿ ಹೇಳ್ತಿರಲಿಲ್ಲ.”

ನಾನು ಹುಟ್ಟಿ ಬೆಳೆದದ್ದು ಬೆಂಗಳೂರಿನ ದಂಡಿನ, ಹಿಂದೆ ಬ್ರಿಟಿಷ್ ಸೈನ್ಯವಿದ್ದ ಕಂಟೋನ್ಮೆಂಟಿನ, ಪಕ್ಕದಲ್ಲೇ. ಆದರೂ ಆಗ ನನಗೆ ಏನೂ ಹೊಳೆಯಲಿಲ್ಲ.

ಆ ಚಳಿಗಾಲ ಇಂಗ್ಲೆಂಡಿನ ಒಂದು ಸಂಗ್ರಹಾಲಯದಿಂದ, ಕಳೆದೇ ಹೋಗಿದೆ ಎಂದುಕೊಂಡಿದ್ದ ಅವನ ಟಾಕಿಯೊಂದರ ಪ್ರತಿ ಬಂತು. ಖುಷಿಗೆ ನಾನು ಒಬ್ಬಳೇ ಮೊದಲು ನೋಡದೆ, ಅವನ ಮೊಮ್ಮಗಳನ್ನೂ ವಿಭಾಗದ ನಾಲ್ಕಾರು ಜನರನ್ನೂ ಕರೆದೆ. ಆ ಹಿರಿಯರು ಬೂಟಿನ ಹಿಮ ಕೊಡವಿಕೊಂಡು ಬಂದು ಮುಂದಿನ ಕುರ್ಚಿಯಲ್ಲಿ, ನನ್ನ ಪಕ್ಕ ಕುಳಿತರು.

ಇಂಡಿಯಾ ಎಂದು ತೋರಿಸಿದ ಒಂದು ಬಂಗಲೆ. ಕುಂಡದಲ್ಲಿ ತಾಳೆ ಗಿಡ. ಪರದೆ ಸರಿಸಿ, ಮುಖಕ್ಕೆಲ್ಲ ಕಂದು ಬಣ್ಣ ಬಳಿದುಕೊಂಡು, ತಲೆಗೆ ಪೇಟ ಸುತ್ತಿಕೊಂಡು ನನ್ನ ನಟ ತಟ್ಟೆ ಹಿಡಿದು ಬಂದ. ಆ ಕಾಲದಲ್ಲಿ ಇಂಥವು ಎಷ್ಟೋ ಇದ್ದವು, ಬರೆದೂ ಇದ್ದೆ. ಇವನು ಮಾಡಿರಲಾರ ಎಂದು ಯಾಕೆ ಅಂದುಕೊಂಡಿದ್ದೆನೋ. ಬಂದ ಅತಿಥಿ ಎಲ್ಲಿ ಎಂದು ಬಂಗಲೆಯ ಬಿಳಿ ದೊರೆ ಕೇಳುತ್ತಾನೆ. ಆಳು ಸೊಂಟ ಬಾಗಿಸಿ, ಕೈ ಎದೆಗಿಟ್ಟು, ತುಂಬ ವಿನಯದಿಂದ ಹೇಳುತ್ತಾನೆ:

“ನೀರ್ ತಗೊಂಬಾ. ಜಲ್ದಿ ಬಾ. ಕಳ್ ನನ್ಮಗ್ನೆ.”

ದೊರೆ ಎಲ್ಲ ಅರ್ಥವಾದವನಂತೆ ತಲೆಯಾಡಿಸಿ, “ಸರಿ, ಕಾಯಲು ಹೇಳು” ಎನ್ನುತ್ತಾನೆ. ಕೋಣೆಯಲ್ಲಿದ್ದವರು ನಕ್ಕರು. ಅವರಿಗೆ ಅದು ಬರೀ ಗಜಿಬಿಜಿ ಸದ್ದು. ನಾನು ಕುರ್ಚಿಯ ಕೈ ಹಿಡಿದುಕೊಂಡೆ. ಉಚ್ಚಾರ ಕೆಟ್ಟಿತ್ತು, ಧ್ವನಿ ಸವೆದಿತ್ತು, ಆದರೆ ನಮ್ಮ ಬೀದಿಯ ಮಾತು ನನ್ನ ಕಿವಿಗೆ ತಪ್ಪುವುದುಂಟೇ?

ಪಕ್ಕದಲ್ಲಿದ್ದ ಮೊಮ್ಮಗಳು ನಗಲಿಲ್ಲ. ನನ್ನ ತೋಳು ಮುಟ್ಟಿದರು. ಕಣ್ಣು ಹೊಳೆಯುತ್ತಿತ್ತು. “ಇದು! ಇದನ್ನೇ ನಮಗೆ ಮಲಗುವಾಗ ಹೇಳ್ತಿದ್ದರು, ತಲೆ ಸವರ್ತಾ. ಮಂತ್ರ ಅಂತಿದ್ದರು. ನಿನಗೆ ಗೊತ್ತಾಯ್ತಾ? ನಿನ್ನ ಭಾಷೆಯಾ?”

“ಇನ್ನೊಂದು ಸಲ ಕೇಳಬೇಕು” ಎಂದೆ.

ಮನೆಯಲ್ಲಿ ಲ್ಯಾಪ್‌ಟಾಪಿನಲ್ಲಿ ಅದನ್ನು ಹಿಂದೆ ಮುಂದೆ ಓಡಿಸಿದೆ. ಗಂಡ ಕೇಳಿ ಮೊದಲು ಗಟ್ಟಿಯಾಗಿ ನಕ್ಕ. ನನ್ನ ಮುಖ ನೋಡಿ ನಗು ನಿಲ್ಲಿಸಿದ.

“ಹೇಳ್ಬೇಡ ಕಣೇ. ಈ ವಯಸ್ಸಲ್ಲಿ ಅವ್ರನ್ನ ಯಾಕೆ ನೋಯಿಸ್ತೀಯಾ? ಏನೋ ಆಶೀರ್ವಾದ ಅಂದ್ಬಿಡು. ಯಾರು ಚೆಕ್ ಮಾಡ್ತಾರೆ ಇಲ್ಲಿ?”

“ಯಾರೂ ಮಾಡಲ್ಲ. ಅದೇ ಕಷ್ಟ.”

ಮುಂದಿನ ಶನಿವಾರ ಹೋದೆ. ಮೇಜಿನ ಮೇಲೆ ಅಜ್ಜನ ಫೋಟೋ ಆಲ್ಬಮ್ ತೆರೆದಿಟ್ಟಿದ್ದರು. ಕಾಫಿ ಬಗ್ಗಿಸುವ ಮೊದಲೇ ಕೇಳಿದರು.

“ಅದು ಮಂತ್ರ ಅಲ್ಲ. ನೀರು ತಗೊಂಡು ಬಾ, ಬೇಗ ಬಾ ಅಂತ. ಕೊನೆಯದು ಬೈಗುಳ” ಎಂದೆ.

“ಎಂಥ ಬೈಗುಳ?”

ಪದ ಬಿಡಿಸಿ ಹೇಳಿದೆ. ಅವರು ತಕ್ಷಣ, “ಮಗ ಅಂತ ಇದೆಯಲ್ಲ ಅದರಲ್ಲಿ?” ಎಂದರು.

ಅಲ್ಲಿಗೆ ನಿಲ್ಲಿಸಿಬಿಡಬಹುದಿತ್ತು. ನಮ್ಮಲ್ಲಿ ಗೆಳೆಯರು ಸಲಿಗೆಯಿಂದ ಹೀಗೆ ಅಂದುಕೊಳ್ಳುವುದೂ ಉಂಟು, ಅದನ್ನೂ ಹೇಳಿದೆ. “ಆದರೆ ನೀರು ತರುವ ಆಳಿಗೆ ಸಿಪಾಯಿ ಅಂದಾಗ ಅದು ಸಲಿಗೆಯಲ್ಲ” ಎಂದೂ ಹೇಳಿದೆ.

ಅವರು ತಮ್ಮ ಕೈಗಳನ್ನೇ ನೋಡುತ್ತಾ ಕುಳಿತರು. “ನನ್ನ ಮಕ್ಕಳನ್ನೂ ಇದನ್ನೇ ಹೇಳಿ ಮಲಗಿಸಿದ್ದೀನಿ” ಎಂದರು. ತಲೆಯೆತ್ತಿ ಕೇಳಿದರು: “ಬರೀತೀಯಾ ಇದನ್ನ?”

“ಬರೀಬೇಕಾಗುತ್ತೆ.”

“ಹಾಗಾದರೆ ಆ ದೃಶ್ಯದಲ್ಲಿ ಆಳು ದೊರೆಗೇ ಬೈತಾನೆ ಅಂತ ಬರಿ. ಅಜ್ಜ ಬೇಕಂತಲೇ ಹಾಗೆ ಮಾಡಿರಬಹುದು. ಅವರಿಗೆ ತಮಾಷೆ ಇಷ್ಟ.”

“ಇರಬಹುದು.”

“ಇರಬಹುದು ಅಂತಲ್ಲ. ಹಾಗೇ ಅಂತ ಬರಿ.”

ಹಾಗೆ ಬರೆಯಲು ನನ್ನ ಬಳಿ ಆಧಾರವಿರಲಿಲ್ಲ. ಅವರು ಆಲ್ಬಮ್ ಮುಚ್ಚಿ ಕಪಾಟಿನಲ್ಲಿಟ್ಟು, ತಲೆ ನೋಯುತ್ತಿದೆ ಎಂದರು. ಏಲಕ್ಕಿ ಬನ್ನು ಮುಟ್ಟದೆ ಎದ್ದು ಬಂದೆ. ಬಸ್ಸಿನಲ್ಲಿ ಕುಳಿತಾಗ, ಅವನು ಪಾರಿವಾಳಗಳಿಗೆ ಬ್ರೆಡ್ ಹಾಕುವ ದೃಶ್ಯ ನೆನಪಿಸಿಕೊಳ್ಳಲು ನೋಡಿದೆ. ಕಂದು ಮುಖವೇ ಎದುರು ಬರುತ್ತಿತ್ತು.

ಆ ಅಧ್ಯಾಯ ಬರೆಯಲು ಬಹಳ ಕಷ್ಟಪಟ್ಟೆ. ಬೇರೆ ಭಾಷೆಯಂತೆ ಕೇಳಿಸುವ ಏನಾದರೂ ಅನ್ನು ಎಂದು ನಿರ್ದೇಶಕ ಹೇಳಿರಬೇಕು. ಅವನಿಗೆ ಬರುತ್ತಿದ್ದದ್ದು ಇಷ್ಟೇ, ಬಂದದ್ದನ್ನು ಅಂದ. ಅಥವಾ ಬಾಗಿ ಬಾಗಿ ದೊರೆಗೆ ಬೈದು, ಒಳಗೊಳಗೇ ನಕ್ಕ. ಚಿತ್ರವನ್ನು ಎಷ್ಟು ಸಲ ನೋಡಿದರೂ ಅವನ ಮುಖ ಏನೂ ಬಿಟ್ಟುಕೊಡಲಿಲ್ಲ. ಅಷ್ಟು ಒಳ್ಳೆಯ ನಟ. ಎರಡನ್ನೂ ಬರೆದೆ. ಅವನಿಗೆ ನೀರು ತಂದುಕೊಡುತ್ತಿದ್ದವನು ಯಾರೆಂದೂ ಹುಡುಕಿದೆ. ಬೆಂಗಳೂರು ದಂಡಿನ ಹಳೆಯ ದಾಖಲೆಗಳಲ್ಲಿ ಕುದುರೆಗಳಿಗೆ ಹೆಸರಿತ್ತು, ಆಳುಗಳಿಗೆ ಇರಲಿಲ್ಲ. ನಮ್ಮ ಕಡೆಯವನೇ ಯಾರೋ, ನಮ್ಮ ಬೀದಿಯವನೇ ಆಗಿದ್ದರೂ ಆಗಿರಬಹುದು. ಅವನ ಬಗ್ಗೆ ಒಂದು ಪ್ಯಾರಾ ಮಾತ್ರ ಬರೆಯಲಾಯಿತು.

ಮರುವರ್ಷದ ಚಳಿಗಾಲದಲ್ಲಿ ನಡೆದ ಪಿಎಚ್‌ಡಿ ಪ್ರಬಂಧದ ಸಾರ್ವಜನಿಕ ಸಮರ್ಥನೆಗೆ ನಟನ ಮೊಮ್ಮಗಳು ಬರಲಿಲ್ಲ. ಹೊರಗಿನಿಂದ ಬಂದಿದ್ದ ಪ್ರೊಫೆಸರ್ ಅದೇ ಪ್ರಶ್ನೆ ಕೇಳಿದರು: ನಿಮ್ಮ ನಟ ಗೇಲಿ ಮಾಡುತ್ತಿದ್ದನೋ, ಅಥವಾ ಯೋಚಿಸದೆ ಅಂದನೋ? ಗೊತ್ತಿಲ್ಲ ಎಂದೆ. ಒತ್ತಿ ಕೇಳಿದಾಗಲೂ ಗೊತ್ತಿಲ್ಲ ಎಂದೆ. ಎಲ್ಲರೂ ಅಭಿನಂದಿಸಿದರು, ಕೇಕ್ ಕತ್ತರಿಸಿದರು. ನಾನು ಬಾಗಿಲ ಕಡೆ ನೋಡುತ್ತಲೇ ಇದ್ದೆ.

ಹಿಮ ಕರಗಿ, ಜಾರದಿರಲೆಂದು ರಸ್ತೆಗೆ ಹಾಕಿದ್ದ ಜಲ್ಲಿ ಗುಡಿಸುವ ಹೊತ್ತಿಗೆ ಅವರೇ ಫೋನ್ ಮಾಡಿದರು.

“ಓದಿದೆ” ಎಂದರು. “ಅಜ್ಜನ ಕೆಲಸದ ಬಗ್ಗೆ ಚೆನ್ನಾಗಿ ಬರೆದಿದ್ದೀಯ. ಇಷ್ಟು ಗಮನವಿಟ್ಟು ಅವರನ್ನ ಯಾರೂ ನೋಡಿರಲಿಲ್ಲ.”

ಥ್ಯಾಂಕ್ಸ್ ಹೇಳಿದೆ. ಅವರು ಮುಂದುವರಿಸಿದರು:

“ನೀರು ತರ್ತಿದ್ದವನ ಬಗ್ಗೆ ಬರೀ ಒಂದು ಪ್ಯಾರಾ ಇದೆ.”

“ಸಿಕ್ಕಿದ್ದು ಅಷ್ಟೇ.”

“ಆ ಪುಟ ಮಾತ್ರ ಮತ್ತೆ ಮತ್ತೆ ಓದಿದೆ. ನಿನ್ನ ಮೇಲೆ ಸಿಟ್ಟು ಇನ್ನೂ ಇದೆ. ಯಾಕೆ ಅಂತ ಕೇಳಬೇಡ, ಹೇಳೋಕೆ ಬರಲ್ಲ.”

ಶನಿವಾರ ಬರಲೇ ಎಂದು ಕೇಳಿದೆ.

“ಈ ಶನಿವಾರ ಬೇಡ” ಎಂದರು.